ನಿಮ್ಮಲ್ಲಿ ದೇವರು ಎಷ್ಟು?

ನಾನು ಇಂಗ್ಲೆಂಡಿನ ಒಂದು ಕೇರ್ ಹೋಮ್‌ನಲ್ಲಿ ರಾತ್ರಿ ಪಾಳಿ ಮಾಡುವವನು. ನಮ್ಮ ಬಳಗದಲ್ಲಿ ಇದೇ ಕೆಲಸ ಮಾಡುವವರು ಇನ್ನೂ ಬಹಳ ಜನ ಇದ್ದೀರಿ. ಹಾಗಾಗಿ ಬೆಳಗಿನ ಜಾವ ಮೂರು ಗಂಟೆಯ ಟೀ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಒಂದು ಹೊತ್ತಿನಲ್ಲಿ ಜೊತೆಯಲ್ಲಿ ಕೆಲಸ ಮಾಡುವ ಇಂಗ್ಲಿಷ್ ಹೆಂಗಸೊಬ್ಬರು, ಅರವತ್ತರ ಆಸುಪಾಸಿನವರು, ನನ್ನ ಫೋನಿನಲ್ಲಿದ್ದ ಗಣಪತಿ ಚಿತ್ರ ನೋಡಿ, ನಿಮ್ಮಲ್ಲಿ ದೇವರು ಎಷ್ಟು ಅಂತ ಕೇಳಿದರು.

ನಾನು ಥಟ್ಟನೆ ಹೇಳಿಬಿಟ್ಟೆ: ನೋಡೋಕೆ ಬಹಳ, ಆದರೆ ನಿಜವಾಗಿ ಎಲ್ಲಾ ಒಂದೇ ಅಂತ. ಹೊರದೇಶಕ್ಕೆ ಬಂದಮೇಲೆ ಈ ಉತ್ತರ ನಮ್ಮ ನಾಲಿಗೆ ತುದಿಯಲ್ಲೇ ಇರುತ್ತೆ, ಅಲ್ವಾ? ಕೇಳಿದವರು ನಗಬಾರದು ಅಂತ ನಾವೇ ಮುಂಚೆ ಲೆಕ್ಕ ಸರಿಮಾಡಿ ಇಟ್ಟುಕೊಂಡಿರುತ್ತೇವೆ. ಅವರು ನಗಲಿಲ್ಲ. ತಮ್ಮ ಕತ್ತಿನ ಸರದಲ್ಲಿದ್ದ ಐದು ಮೂಲೆಯ ನಕ್ಷತ್ರ ತೋರಿಸಿ, ತಾನು ಪೇಗನ್, ತನಗೆ ಇಬ್ಬರು ದೇವರು, ಒಬ್ಬ ದೇವ ಒಬ್ಬಳು ದೇವಿ ಅಂದರು. ತನ್ನ ಗೆಳತಿಯೊಬ್ಬಳಿಗೆ ಹತ್ತಾರು ದೇವರು, ಇನ್ನೊಬ್ಬಳಿಗೆ ಒಬ್ಬರೂ ಇಲ್ಲ, ಆದರೂ ಮೂವರೂ ಒಂದೇ ಹಬ್ಬಕ್ಕೆ ಸೇರುತ್ತೇವೆ ಅಂತಲೂ ಹೇಳಿದರು. ನನಗೆ ಆಶ್ಚರ್ಯ ಆಯ್ತು. ಕ್ರೈಸ್ತಧರ್ಮಕ್ಕೂ ಮುಂಚಿನ ಯೂರೋಪಿನ ದೇವರುಗಳನ್ನು ಈ ಕಾಲದಲ್ಲಿ ಮತ್ತೆ ಪೂಜೆ ಮಾಡುವವರನ್ನು ಪೇಗನ್ ಅಂತಾರೆ ಅನ್ನೋದು ಗೊತ್ತಿತ್ತು. ಆದರೆ ಪಕ್ಕದಲ್ಲಿ ಕೂತು ಬಿಸ್ಕತ್ತು ಅದ್ದಿ ತಿನ್ನುವವರು ಅದೇ ಜನ ಅಂತ ಗೊತ್ತಿರಲಿಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 74,000 ಜನ ತಮ್ಮ ಧರ್ಮ ಪೇಗನ್ ಅಂತ ಬರೆಸಿದ್ದಾರೆ. ಇನ್ನೂ 13,000 ಜನ ವಿಕ್ಕಾ ಅಂತ ಬರೆಸಿದ್ದಾರೆ.

ಈ ವಿಕ್ಕಾ ಎಂಬುದನ್ನು ಲೋಕಕ್ಕೆ ತಂದವನು ಜೆರಾಲ್ಡ್ ಗಾರ್ಡ್ನರ್. ಅವನ ವಿಷಯ ಓದುತ್ತಾ ಹೋದ ಹಾಗೆ ನನ್ನ ಕುತೂಹಲ ಹೆಚ್ಚಾಯ್ತು. ಯಾಕೆಂದರೆ ಆತ ಪಾದ್ರಿಯೂ ಅಲ್ಲ, ಪಂಡಿತನೂ ಅಲ್ಲ. ನಮ್ಮ ಹಾಗೇ ಪರದೇಶದಲ್ಲಿ ದುಡಿದು, ವಯಸ್ಸಾದ ಮೇಲೆ ಊರಿಗೆ ವಾಪಸಾದ ಮನುಷ್ಯ.

ಗಾರ್ಡ್ನರ್ ಹುಟ್ಟಿದ್ದು 1884ರ ಜೂನ್ 13ರಂದು, ಲಿವರ್‌ಪೂಲ್ ಹತ್ತಿರದ ಬ್ಲಂಡೆಲ್‌ಸ್ಯಾಂಡ್ಸ್‌ನಲ್ಲಿ. ಮನೆಯವರದು ಮರ ಆಮದು ಮಾಡುವ ದೊಡ್ಡ ವ್ಯಾಪಾರ, ಹಣಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಉಸಿರಿಗೆ. ಚಿಕ್ಕಂದಿನಿಂದಲೇ ಉಬ್ಬಸ. ಇಂಗ್ಲೆಂಡಿನ ಚಳಿ ಆಗುವುದಿಲ್ಲ ಅಂತ ಅಪ್ಪ ಅಮ್ಮ ಅವನನ್ನು ಒಬ್ಬ ಆಯಾಳ ಜೊತೆ ಬೆಚ್ಚಗಿನ ಊರುಗಳಿಗೆ ಕಳಿಸಿಬಿಟ್ಟರು. ಮಡೀರಾ ದ್ವೀಪದಲ್ಲಿ ವರ್ಷಗಟ್ಟಲೆ ಇದ್ದ. ಶಾಲೆ ಅಂತ ಸರಿಯಾಗಿ ಕಾಣಲೇ ಇಲ್ಲ. ಮಾಸಪತ್ರಿಕೆಗಳನ್ನು ನೋಡಿ ನೋಡಿ ತಾನೇ ಓದಲು ಕಲಿತ. ಕಾಗುಣಿತ ಮಾತ್ರ ಸಾಯುವ ತನಕ ಸರಿ ಹೋಗಲಿಲ್ಲ.

ಆ ಆಯಾ ಸಿಲೋನಿನಲ್ಲಿ ಟೀ ಎಸ್ಟೇಟ್ ಇದ್ದವನೊಬ್ಬನನ್ನು ಮದುವೆಯಾದಳು. 1900ರಲ್ಲಿ, ಹದಿನಾರರ ಹುಡುಗ ಅವಳ ಹಿಂದೆಯೇ ಹೋಗಿ ಮಸ್ಕೇಲಿಯಾ ಕಡೆಯ ತೋಟದಲ್ಲಿ ಟೀ ಕೆಲಸ ಕಲಿಯಲು ನಿಂತ. ಸಿಲೋನಿನ ಎಸ್ಟೇಟುಗಳೆಂದರೆ ಗೊತ್ತಲ್ಲ, ಕೂಲಿಗೆ ತಮಿಳುನಾಡಿನಿಂದ ಬಂದ ಜನ, ಸುತ್ತ ಸಿಂಹಳೀಯರ ಬೌದ್ಧ ಊರುಗಳು, ಮೇಲೆ ಬಿಳಿಯ ದೊರೆಗಳ ಚರ್ಚು. ಒಂದೇ ಬೆಟ್ಟದ ಮೇಲೆ ಇಷ್ಟೊಂದು ಬಗೆಯ ದೇವರು. ಗಾರ್ಡ್ನರ್ ದೊರೆಗಳ ಕಡೆಯವನೇ, ಅದರಲ್ಲಿ ಅನುಮಾನವಿಲ್ಲ. ಆದರೂ ತನ್ನ ಕಡೆಯ ಬಹಳ ಜನ ಮಾಡದ ಒಂದು ಕೆಲಸ ಮಾಡಿದ: ಸ್ಥಳೀಯರ ನಂಬಿಕೆ ಏನು ಅಂತ ಕೂತು ಕೇಳಿದ.

1911ರಲ್ಲಿ ಬೋರ್ನಿಯೋಗೆ ಹೋಗಿ ರಬ್ಬರ್ ತೋಟದಲ್ಲಿ ಕೆಲಸ ಹಿಡಿದ. ಅಲ್ಲಿನ ಡಯಾಕ್, ಡೂಸುನ್ ಜನರ ಸ್ನೇಹ ಮಾಡಿದ. ಆಮೇಲೆ ಮಲಯ. ಅಲ್ಲೂ ರಬ್ಬರ್, ಜೊತೆಗೆ ಮಲೇರಿಯಾ. 1923ರಿಂದ ಜೋಹೋರ್‌ನಲ್ಲಿ ಸರ್ಕಾರಿ ನೌಕರಿ: ರಬ್ಬರ್ ತೋಟಗಳ ತಪಾಸಣೆ, ಮುಂದೆ ಅಫೀಮು ಅಂಗಡಿಗಳ ತಪಾಸಣೆ. ರಜಾದಿನ ಬಂದರೆ ಹಳೇ ಜೋಹೋರ್ ಪಟ್ಟಣದ ಅವಶೇಷ ಅಗೆಯೋದು, ಮಲಯದವರ ಅಲೆಅಲೆಯಾದ ಬಾಕು ಕ್ರಿಸ್ ಸಂಗ್ರಹಿಸೋದು. ಆ ಬಾಕುಗಳ ಮೇಲೆ ಬರೆದ ಪುಸ್ತಕ 1936ರಲ್ಲಿ ಸಿಂಗಾಪುರದಲ್ಲಿ ಅಚ್ಚಾಯ್ತು. ನಡುವೆ 1927ರಲ್ಲಿ ರಜೆ ಮೇಲೆ ಇಂಗ್ಲೆಂಡಿಗೆ ಬಂದಾಗ ಡೊನ್ನಾ ಎಂಬ ನರ್ಸ್‌ಳನ್ನು ಮದುವೆಯಾಗಿ ಮಲಯಕ್ಕೆ ಕರೆದುಕೊಂಡು ಹೋಗಿದ್ದ. ಆಕೆ ಕೊನೆ ತನಕ ಗಂಡನ ಜೊತೆ ಬಾಳಿದಳು, ಆದರೆ ಗಂಡನ ದೇವರುಗಳ ತಂಟೆಗೆ ಹೋಗಲಿಲ್ಲ.

1936ರಲ್ಲಿ ನಿವೃತ್ತಿ. ಆಗ ಆತನಿಗೆ 51 ವರ್ಷ, ಅದರಲ್ಲಿ 36 ವರ್ಷ ಏಷ್ಯಾದಲ್ಲೇ ಕಳೆದಿತ್ತು. ಇಂಗ್ಲೆಂಡಿಗೆ ಬರುವ ದಾರಿಯಲ್ಲಿ ಪ್ಯಾಲೆಸ್ತೀನಿನ ಲಾಕಿಷ್ ಎಂಬಲ್ಲಿ ನಡೆಯುತ್ತಿದ್ದ ಉತ್ಖನನಕ್ಕೆ ಕೈ ಹಚ್ಚಿದ. ಪುರಾತನ ಕಾಲದಲ್ಲಿ ಅಲ್ಲಿ ಒಂದೇ ಗುಡಿಯಲ್ಲಿ ಗಂಡು ದೇವರಿಗೂ ಅಶ್ತೋರೆತ್ ಎಂಬ ದೇವಿಗೂ ಪೂಜೆ ಸಲ್ಲುತ್ತಿತ್ತು ಎಂಬ ವಿಚಾರ ಆತನ ತಲೆಯಲ್ಲಿ ಕೂತುಬಿಟ್ಟಿತು. ಮುಂದೆ ಸೈಪ್ರಸ್‌ಗೆ ಹೋಗಿ ಬಂದ. ಹಿಂದಿನ ಜನ್ಮದಲ್ಲಿ ತಾನು ಅಲ್ಲೇ ಇದ್ದವನು ಅಂತ ನಂಬಿದ. 1939ರಲ್ಲಿ ಆ ದ್ವೀಪದ ದೇವಿಯ ಸುತ್ತ ಒಂದು ಕಾದಂಬರಿಯನ್ನೂ ಬರೆದ. ವಿಕ್ಕಾ ಶುರುವಾಗುವ ಮುಂಚೆಯೇ ದೇವಿ ಆತನ ಬದುಕಿಗೆ ಬಂದಾಗಿತ್ತು ಅಂತ ನನಗೆ ಅನ್ನಿಸುತ್ತೆ.

ವಾಪಸು ಬಂದವನಿಗೆ ತನ್ನ ದೇಶವೇ ಪರದೇಶದ ಹಾಗೆ ಕಂಡಿರಬೇಕು. ಚಳಿ ಒಗ್ಗಲಿಲ್ಲ, ಚರ್ಚು ಮೊದಲೇ ಒಗ್ಗಿರಲಿಲ್ಲ. 1938ರಲ್ಲಿ ಗಂಡ ಹೆಂಡತಿ ದಕ್ಷಿಣ ತೀರದ ನ್ಯೂ ಫಾರೆಸ್ಟ್ ಕಾಡಿನ ಬದಿಗಿರುವ ಹೈಕ್ಲಿಫ್‌ಗೆ ಹೋಗಿ ನೆಲೆಸಿದರು. ಅಲ್ಲಿ ಒಂದು ಗೂಢವಿದ್ಯೆಯ ನಾಟಕ ಮಂಡಳಿಯಲ್ಲಿ ಕೆಲವರ ಪರಿಚಯವಾಯ್ತು. ಅವರು ಹಳೆಯ ಕಾಲದಿಂದ ಗುಟ್ಟಾಗಿ ಉಳಿದುಬಂದ ಒಂದು ಮಾಟಗಾತಿಯರ ಕೂಟದವರು, 1939ರ ಸೆಪ್ಟೆಂಬರಿನಲ್ಲಿ ಡೊರೊಥಿ ಎಂಬ ಹಿರಿಯ ಹೆಂಗಸಿನ ಮನೆಯಲ್ಲಿ ತನಗೆ ದೀಕ್ಷೆ ಕೊಟ್ಟರು ಅಂತ ಗಾರ್ಡ್ನರ್ ಹೇಳಿಕೊಂಡ.

ಮಾಟಗಾತಿ ಅಂದ ಕೂಡಲೇ ನಮಗೆ ನಿಂಬೆಹಣ್ಣು, ಕುಂಕುಮ, ಮೂರು ದಾರಿ ಕೂಡುವ ಜಾಗ ಕಣ್ಣಿಗೆ ಬರುತ್ತೆ. ಗಾರ್ಡ್ನರ್ ಹೇಳಿದ್ದು ಅದನ್ನಲ್ಲ. ಯೂರೋಪಿನಲ್ಲಿ ಮಾಟಗಾತಿಯರು ಅಂತ ಹಿಡಿದು ಕೊಂದದ್ದು ನಿಜಕ್ಕೂ ಹಳೆಯ ಧರ್ಮದವರನ್ನು ಅಂತ ಮಾರ್ಗರೆಟ್ ಮರ್ರೆ ಎಂಬ ವಿದ್ವಾಂಸೆ 1921ರಲ್ಲಿ ಒಂದು ಪುಸ್ತಕ ಬರೆದಿದ್ದಳು. ಆ ಧರ್ಮ ಇನ್ನೂ ಸತ್ತಿಲ್ಲ, ತಾನೇ ಅದರೊಳಗಿದ್ದೇನೆ ಅನ್ನುವುದು ಗಾರ್ಡ್ನರ್ ವಾದ.

ಆಗ ಅದನ್ನು ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಮಾಟದ ಶಕ್ತಿ ಇದೆ ಅಂತ ನಟಿಸುವುದೇ ಅಪರಾಧ ಅನ್ನುವ 1735ರ ಕಾನೂನು ಇನ್ನೂ ಜಾರಿಯಲ್ಲಿತ್ತು. ಹಾಗಾಗಿ 1949ರಲ್ಲಿ ಬೇರೆ ಹೆಸರಿಟ್ಟುಕೊಂಡು ಕಾದಂಬರಿಯ ರೂಪದಲ್ಲಿ ಬರೆದ. 1951ರಲ್ಲಿ ಆ ಕಾನೂನು ರದ್ದಾಯಿತು. 1954ರಲ್ಲಿ ವಿಚ್‌ಕ್ರಾಫ್ಟ್ ಟುಡೇ ಎಂಬ ಪುಸ್ತಕವನ್ನು ಸ್ವಂತ ಹೆಸರಿನಲ್ಲೇ ಹೊರತಂದ. ಅದಕ್ಕೆ ಮುನ್ನುಡಿ ಬರೆದವಳು ಅದೇ ಮಾರ್ಗರೆಟ್ ಮರ್ರೆ. ಅದೇ ವರ್ಷ ಐಲ್ ಆಫ್ ಮ್ಯಾನ್ ದ್ವೀಪದ ಕ್ಯಾಸಲ್‌ಟೌನ್‌ನಲ್ಲಿ ಇದ್ದ ಮಾಟದ ವಸ್ತುಸಂಗ್ರಹಾಲಯವನ್ನು ಕೊಂಡುಕೊಂಡ. ಎಪ್ಪತ್ತರ ವಯಸ್ಸಿನಲ್ಲಿ, ಕೆದರಿದ ಬಿಳಿ ಕೂದಲು, ಚೂಪು ಗಡ್ಡ ಬಿಟ್ಟುಕೊಂಡು, ಬಂದ ಪತ್ರಕರ್ತರಿಗೆಲ್ಲ ತನ್ನ ಧರ್ಮ ವಿವರಿಸುತ್ತಾ ಕೂತ.

ಈಗ ದೇವರ ವಿಷಯಕ್ಕೆ ಬರೋಣ. ಗಾರ್ಡ್ನರ್ ಬರೆದ ಪ್ರಕಾರ ಕೂಟದವರು ಪೂಜೆ ಮಾಡುವುದು ಇಬ್ಬರನ್ನು. ಒಬ್ಬ ಕೊಂಬಿನ ದೇವ. ಬೇಟೆ, ಚಳಿಗಾಲ, ಸಾವು, ಸಾವಿನ ಆಚೆಯ ಲೋಕ ಅವನದು. ಇನ್ನೊಬ್ಬಳು ದೇವಿ. ಬೇಸಿಗೆ, ಫಲ, ಪ್ರೀತಿ, ಮರುಹುಟ್ಟು ಅವಳದು. ಇವರ ನಿಜವಾದ ಹೆಸರುಗಳನ್ನು ಆತ ಬರೆಯಲಿಲ್ಲ, ಆಣೆ ಇಟ್ಟಿದ್ದೇನೆ ಅಂದ. ಕೊಂಬು ಕಂಡವರು ಇವನು ಸೈತಾನ ಅಂದರು. ಸೈತಾನ ಕ್ರೈಸ್ತರ ಕಲ್ಪನೆ, ಅದನ್ನು ನಂಬದವರು ಅವನನ್ನು ಪೂಜಿಸುವುದು ಹೇಗೆ ಎಂಬುದು ಗಾರ್ಡ್ನರ್ ಕಡೆಯವರ ಉತ್ತರ.

ನನ್ನನ್ನು ತಡೆದು ನಿಲ್ಲಿಸಿದ ಮಾತು ಇದಕ್ಕಿಂತ ಮುಂದಿದೆ. ಈ ದೇವರುಗಳು ಸರ್ವಶಕ್ತರಲ್ಲ ಅಂತ ಗಾರ್ಡ್ನರ್ ವಿವರಿಸುತ್ತಾನೆ. ಅವರಿಗೆ ನಮ್ಮ ಮೇಲೆ ಮನಸ್ಸಿದೆ, ಒಳ್ಳೆಯದು ಮಾಡುವ ಇಷ್ಟವಿದೆ, ಆದರೆ ಅದಕ್ಕೆ ನಮ್ಮ ನೆರವು ಬೇಕು. ಒಂಬತ್ತು ಅಡಿಯ ವೃತ್ತದೊಳಗೆ ಕುಣಿದು, ಹಾಡಿ, ನಾವು ಎಬ್ಬಿಸುವ ಶಕ್ತಿ ಅವರಿಗೆ ಸಲ್ಲುತ್ತೆ. ಮನುಷ್ಯರಿಗೆ ದೇವರು ಬೇಕಾದ ಹಾಗೆ ದೇವರಿಗೂ ಮನುಷ್ಯರು ಬೇಕು. ಒಳ್ಳೆಯವನೂ ಸರ್ವಶಕ್ತನೂ ಆದ ದೇವರಿರುವಾಗ ಲೋಕದಲ್ಲಿ ಇಷ್ಟು ಕಷ್ಟ ಯಾಕೆ ಎಂಬ ಹಳೇ ಪ್ರಶ್ನೆಗೆ ಇದು ಒಂದು ನೇರ ಉತ್ತರ: ದೇವರು ಸರ್ವಶಕ್ತ ಅಂತ ಹೇಳಿದ್ದೇ ತಪ್ಪಿರಬಹುದು.

ಹಾಗಾದರೆ ಈ ಇಬ್ಬರ ಮೇಲೆ ಯಾರೂ ಇಲ್ಲವೇ? ಇದೆ ಅಂತ 1959ರ ತನ್ನ ಕೊನೆಯ ಪುಸ್ತಕದಲ್ಲಿ ಆತ ಬರೆದ. ಎಲ್ಲಕ್ಕೂ ಮೊದಲ ಚಾಲನೆ ಕೊಟ್ಟ ಒಂದು ಮೂಲಶಕ್ತಿ ಇರಲೇಬೇಕು. ಆದರೆ ಅದು ತನ್ನನ್ನು ತಿಳಿಯುವ ದಾರಿ ಕೊಟ್ಟಿಲ್ಲ ಅಂದಮೇಲೆ, ತಿಳಿಯಲಿ ಎಂಬ ಇಷ್ಟ ಅದಕ್ಕಿಲ್ಲ, ಇಲ್ಲವೇ ನಮಗೆ ಆ ಯೋಗ್ಯತೆ ಇನ್ನೂ ಬಂದಿಲ್ಲ. ಅದಕ್ಕೇ ಅದು ಕೆಳಗಿನ ದೇವರುಗಳನ್ನು ನೇಮಿಸಿದೆ, ಒಂದೊಂದು ಜನಕ್ಕೆ ಒಂದೊಂದು ದೇವರು. ನಾವು ವ್ಯವಹಾರ ಮಾಡಬೇಕಾದ್ದು ಅವರ ಜೊತೆ. ಹೀಗೆ ಗಾರ್ಡ್ನರ್ ಲೆಕ್ಕದಲ್ಲಿ ದೇವರು ಒಂದೂ ಹೌದು, ಎರಡೂ ಹೌದು, ಬಹಳವೂ ಹೌದು. ಎಲ್ಲಿ ನಿಂತು ಕೇಳ್ತೀರಿ ಅನ್ನೋದರ ಮೇಲೆ ಉತ್ತರ.

ಈತನನ್ನು ಸಂತ ಮಾಡಲು ನಾನು ಹೊರಟಿಲ್ಲ. ಡಾಕ್ಟರೇಟ್ ಇದೆ ಅಂತ ಹೇಳಿಕೊಂಡು ಹೆಸರಿನ ಹಿಂದೆ ಡಾಕ್ಟರ್ ಹಾಕಿಕೊಂಡ, ಅದು ನಿಜವಲ್ಲ ಅಂತ ಆಮೇಲೆ ತಿಳಿಯಿತು. ಪುರಾತನ ಮಂತ್ರ ಅಂತ ಕೊಟ್ಟದ್ದರಲ್ಲಿ ಬಹಳಷ್ಟು ಅಲೀಸ್ಟರ್ ಕ್ರೌಲಿ ಎಂಬ ಮಾಂತ್ರಿಕನ ಬರಹದಿಂದ ತೆಗೆದದ್ದು. ಅದನ್ನು ಗುರುತು ಹಿಡಿದವಳು 1953ರಲ್ಲಿ ದೀಕ್ಷೆ ಪಡೆದ ಡೊರೀನ್ ವ್ಯಾಲಿಯೆಂಟ್. ಹಾಗಾದರೆ ನೀನೇ ಇದಕ್ಕಿಂತ ಚೆನ್ನಾಗಿ ಬರಿ ಅಂತ ಗಾರ್ಡ್ನರ್ ಬಿಟ್ಟುಕೊಟ್ಟ. ಆಕೆ ಬರೆದಳು. ಇವತ್ತು ವಿಕ್ಕಾದವರು ದೇವಿಯ ಮುಂದೆ ಹೇಳುವ ಮಾತುಗಳಲ್ಲಿ ಒಳ್ಳೆಯವು ಆಕೆಯ ಕೈಯವೇ.

ಮುಂದೆ ಇಬ್ಬರಿಗೂ ಜಗಳ ಬಂತು. ಕೂಟದ ಗುಟ್ಟು ಬಿಟ್ಟು ಪತ್ರಿಕೆಯವರ ಹಿಂದೆ ಬೀಳುತ್ತಾನೆ ಅಂತ ಆಕೆಗೆ ಸಿಟ್ಟು. 1957ರಲ್ಲಿ ಆತ ಹಳೇ ಕಟ್ಟಳೆಗಳು ಅಂತ ಒಂದು ಪಟ್ಟಿ ತೆಗೆದ. ವಯಸ್ಸಾದ ಪೂಜಾರಿಣಿ ಚಿಕ್ಕವಳಿಗೆ ಜಾಗ ಬಿಟ್ಟು ಸರಿಯಬೇಕು ಎಂಬುದೂ ಅದರಲ್ಲಿತ್ತು. ದೇವಿಯನ್ನು ಮುಂದಿಟ್ಟು ಕಟ್ಟಿದ ಧರ್ಮದಲ್ಲಿ ಹೆಂಗಸಿಗೆ ಈ ಮಾತೇ? ವ್ಯಾಲಿಯೆಂಟ್ ಹೊರಟುಹೋದಳು. ನನ್ನ ಜೊತೆ ಕೆಲಸ ಮಾಡುವವರು ಈ ಪ್ರಸಂಗ ಹೇಳುವಾಗ, ಅರವತ್ತು ದಾಟಲಿರುವ ಅವರ ದನಿಯಲ್ಲಿ ಈಗಲೂ ಬಿಸಿ ಇತ್ತು.

ಹಳೆಯ ಧರ್ಮ ಉಳಿದುಬಂತು ಎಂಬ ಮರ್ರೆಯ ವಾದವನ್ನು ಇತಿಹಾಸಕಾರರು ಕೈಬಿಟ್ಟಿದ್ದಾರೆ. ವಿಕ್ಕಾ ಇಪ್ಪತ್ತನೇ ಶತಮಾನದಲ್ಲಿ ಹುಟ್ಟಿದ ಧರ್ಮ ಅಂತ ರೊನಾಲ್ಡ್ ಹಟನ್ 1999ರ ತಮ್ಮ ಪುಸ್ತಕದಲ್ಲಿ ವಿವರವಾಗಿ ತೋರಿಸಿದರು. ಆದರೆ ಎಲ್ಲವೂ ಕಟ್ಟುಕತೆ ಅಂತಲೂ ಇಲ್ಲ. ಡೊರೊಥಿ ಎಂಬ ಹೆಂಗಸೇ ಇರಲಿಲ್ಲ ಅಂತ ಕೆಲವರು ಅಂದಾಗ, ಜಗಳವಾಡಿ ಹೋಗಿದ್ದ ಅದೇ ವ್ಯಾಲಿಯೆಂಟ್ ಜನನ ಮರಣದ ದಾಖಲೆ ಹುಡುಕಿ ಆಕೆ ಇದ್ದದ್ದು ನಿಜ ಅಂತ ತೋರಿಸಿಕೊಟ್ಟಳು. ಆಕೆಯ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲೇ.

ಗಾರ್ಡ್ನರ್ ಹಚ್ಚಿದ ದೀಪದಿಂದಲೂ, ಬೇರೆ ಬೇರೆ ಕಡೆ ತಾವಾಗಿ ಹೊತ್ತಿಕೊಂಡ ದೀಪಗಳಿಂದಲೂ, ಇವತ್ತು ಪೇಗನ್ ಎಂಬ ಹೆಸರಿನೊಳಗೆ ಬಹಳ ಪಂಥಗಳಿವೆ. ದೇವರ ಲೆಕ್ಕ ಒಬ್ಬೊಬ್ಬರದು ಒಂದೊಂದು. ಎಲ್ಲ ದೇವರೂ ಒಬ್ಬ ದೇವನ ಮುಖಗಳು, ಎಲ್ಲ ದೇವಿಯರೂ ಒಬ್ಬ ದೇವಿಯ ಮುಖಗಳು ಎನ್ನುವವರಿದ್ದಾರೆ. ಈ ವಿಚಾರವನ್ನು ಗಾರ್ಡ್ನರ್‌ಗಿಂತ ಮುಂಚೆಯೇ ಡಿಯಾನ್ ಫಾರ್ಚೂನ್ ಎಂಬ ಲೇಖಕಿ ಹೇಳಿದ್ದಳು. ದೇವಿ ಒಬ್ಬಳೇ ಸಾಕು ಅಂತ 1971ರಲ್ಲಿ ಅಮೆರಿಕದಲ್ಲಿ ಹೆಂಗಸರದೇ ಒಂದು ಪಂಥ ಹುಟ್ಟಿತು. ಐಸ್‌ಲ್ಯಾಂಡಿನಲ್ಲಿ ಕುರಿ ಸಾಕುವ ಕವಿಯೊಬ್ಬ, ಸ್ವೇನ್‌ಬ್ಯೋರ್ನ್ ಬೇಂಟೇನ್ಸನ್, 1972ರಲ್ಲಿ ಓಡಿನ್, ಥಾರ್ ಮುಂತಾದ ಹಳೇ ದೇವರುಗಳ ಸಂಘ ಕಟ್ಟಿದ. ಮರುವರ್ಷ ಸರ್ಕಾರದ ಮಾನ್ಯತೆಯೂ ಸಿಕ್ಕಿತು. ಆ ಉತ್ತರದ ದೇವರುಗಳನ್ನು ನಂಬುವ ಬಹಳ ಜನಕ್ಕೆ ಎಲ್ಲಾ ಒಂದೇ ಎಂಬ ಮಾತು ಹಿಡಿಸೋದಿಲ್ಲ. ಓಡಿನ್ ಓಡಿನ್ನೇ, ಥಾರ್ ಥಾರ್‌ನೇ. ಇಬ್ಬರನ್ನೂ ಒಂದು ಅನ್ನುವುದು ಇಬ್ಬರಿಗೂ ಅವಮಾನ. ಇನ್ನು ಕೆಲವರು, ದೇವರುಗಳು ನಮ್ಮ ಮನಸ್ಸಿನ ಆಳದ ರೂಪಗಳಷ್ಟೇ, ಹೊರಗೆ ಯಾರೂ ಇಲ್ಲ ಅನ್ನುತ್ತಾರೆ. ಆದರೂ ದೀಪ ಹಚ್ಚುತ್ತಾರೆ.

ಇಷ್ಟು ಬೇರೆ ಬೇರೆ ಯೋಚಿಸುವವರು ಒಂದೇ ಹಬ್ಬಕ್ಕೆ ಹೇಗೆ ಕೂಡುತ್ತಾರೆ? ಇಲ್ಲಿ ನಂಬಿಕೆಯ ಪಟ್ಟಿಗೆ ಸಹಿ ಹಾಕಿಸಿಕೊಳ್ಳುವುದಿಲ್ಲ. ಸುಗ್ಗಿಯ ಹಬ್ಬಕ್ಕೆ ರೊಟ್ಟಿ ಹಂಚಿದೆಯಾ, ಅಕ್ಟೋಬರ್ 31ರ ರಾತ್ರಿ ಸತ್ತವರನ್ನು ನೆನೆದೆಯಾ, ಅದು ಮುಖ್ಯ. ಮನಸ್ಸಿನೊಳಗಿನ ಲೆಕ್ಕ ಅವರವರದು. ಎಲ್ಲರೂ ಹೀಗೇ ಇದ್ದಾರೆ ಅಂತಲ್ಲ, ಇದೇ ವಿಷಯಕ್ಕೆ ಮುನಿಸಿಕೊಂಡು ದೂರವಾದವರೂ ಇದ್ದಾರೆ. ಆದರೂ ಬಹುಪಾಲು ನಡೆಯುವುದು ಹೀಗೆ.

ಗಾರ್ಡ್ನರ್ ಕೊನೆ ಹೇಗಾಯಿತು ಅಂತ ಹೇಳಿ ಮುಗಿಸುತ್ತೇನೆ. 1960ರಲ್ಲಿ ಹೆಂಡತಿ ತೀರಿಕೊಂಡಳು. ಉಬ್ಬಸ ಮತ್ತೆ ಹಿಡಿಯಿತು. ಚಿಕ್ಕಂದಿನ ಹಾಗೇ ಚಳಿಗಾಲಕ್ಕೆ ಬೆಚ್ಚಗಿನ ಊರು ಹುಡುಕಿ ಲೆಬನಾನ್‌ಗೆ ಹೋಗಿದ್ದ. ವಾಪಸು ಬರುವಾಗ 1964ರ ಫೆಬ್ರವರಿ 12ರಂದು, ಸ್ಕಾಟಿಷ್ ಪ್ರಿನ್ಸ್ ಎಂಬ ಹಡಗಿನಲ್ಲಿ, ಬೆಳಗಿನ ತಿಂಡಿಗೆ ಕೂತಿದ್ದಾಗ ಹೃದಯ ನಿಂತಿತು. 79 ವರ್ಷ. ಹಡಗು ಮುಂದೆ ನಿಂತ ಬಂದರು ಟ್ಯುನೀಸಿಯಾದ್ದು, ಅಲ್ಲೇ ಮಣ್ಣು ಮಾಡಿದರು. ಮಣ್ಣಿಗೆ ಬಂದಿದ್ದವನು ಹಡಗಿನ ಕ್ಯಾಪ್ಟನ್ ಒಬ್ಬನೇ. ಆತ ಕೂಡಿಟ್ಟ ಸಂಗ್ರಹಾಲಯದ ವಸ್ತುಗಳನ್ನೂ ವಾರಸುದಾರರು 1973ರಲ್ಲಿ ಅಮೆರಿಕದ ಒಂದು ಕಂಪನಿಗೆ ಮಾರಿಬಿಟ್ಟರು.

ಈ ಸಾವು ನನ್ನನ್ನು ಬಹಳ ದಿನ ಕಾಡಿತು. ಆತ ಕಲಿಸಿದ ನಂಬಿಕೆಯಲ್ಲಿ ಸ್ವರ್ಗದ ಆಸೆ ಅಷ್ಟಾಗಿ ಇಲ್ಲ. ಸತ್ತ ಮೇಲೆ ತನ್ನವರಿರುವ ಕಾಲದಲ್ಲಿ, ತನ್ನವರಿರುವ ಕಡೆಯೇ ಮತ್ತೆ ಹುಟ್ಟಬೇಕು, ಅವರನ್ನು ಗುರುತು ಹಿಡಿಯಬೇಕು ಎಂಬುದೇ ದೊಡ್ಡ ವರ. ಆ ವರ ಕೊಡುವವಳು ದೇವಿ. ನಾಲ್ಕು ವರ್ಷದಿಂದ ಎಪ್ಪತ್ತೊಂಬತ್ತರ ತನಕ ಊರಿಂದೂರಿಗೆ ಹೋಗುತ್ತಲೇ ಇದ್ದವನು ಇನ್ಯಾವ ವರ ಕೇಳಬೇಕು ಹೇಳಿ?

ಈಗ ನನ್ನ ಉತ್ತರಕ್ಕೆ ಬರುತ್ತೇನೆ. ನನಗೆ ಇಲ್ಲಿಗೆ ವೀಸಾ ಬಂದಾಗ ನಮ್ಮಮ್ಮ ಮನೆದೇವರಾದ ಮಾದಪ್ಪನಿಗೆ ಮುಡಿ ಕೊಡಿಸ್ತೀನಿ ಅಂತ ನನ್ನ ಹೆಸರಲ್ಲಿ ಹರಕೆ ಹೊತ್ತಿದ್ದರು. ವರ್ಷಗಳಾದವು, ರಜೆ ಹೊಂದಲಿಲ್ಲ, ಟಿಕೆಟ್ ದುಡ್ಡು ಹೊಂದಲಿಲ್ಲ. ಇಲ್ಲೇ ಬಾಲಾಜಿ ಗುಡಿ ಇದೆಯಲ್ಲಮ್ಮ, ದೇವರೆಲ್ಲಾ ಒಂದೇ ತಾನೇ, ಇಲ್ಲೇ ಕೊಟ್ಟುಬಿಡ್ತೀನಿ ಅಂದೆ. ಅಮ್ಮ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾದಪ್ಪನ ಸಾಲ ಮಾದಪ್ಪನಿಗೇ ತೀರಿಸಬೇಕು ಕಣಪ್ಪಾ ಅಂದರು. ದೇವರು ಒಬ್ಬನೇ ಅಂತ ನಮ್ಮಮ್ಮನೂ ಹೇಳ್ತಾರೆ. ಆದರೆ ಹರಕೆಯ ವಿಷಯ ಬಂದಾಗ ಅವರು ಆ ಐಸ್‌ಲ್ಯಾಂಡಿನವರ ಕಡೆ.

ಇದನ್ನು ಹೋದ ತಿಂಗಳು ರಾತ್ರಿ ಪಾಳಿಯಲ್ಲಿ ಅವರಿಗೆ ಹೇಳಿದೆ. ಅವತ್ತು ನಾನು ಕೊಟ್ಟ ಉತ್ತರ ಸುಳ್ಳಲ್ಲ, ಆದರೆ ನಾಚಿಕೆಗೆ ಕೊಟ್ಟದ್ದು, ನಿಜವಾಗಿ ನಮ್ಮಲ್ಲೂ ದೇವರು ಒಂದೂ ಹೌದು, ಬಹಳವೂ ಹೌದು, ನನಗೆ ಬೆಟ್ಟದ ಮೇಲೆ ಒಬ್ಬರ ಬಾಕಿ ಇದೆ ಅಂದೆ. ಹಾಗಾದರೆ ಅವರನ್ನು ಜಾಸ್ತಿ ಕಾಯಿಸಬೇಡ ಅಂತ ಹೇಳಿ ಅವರು ಬೆಲ್ ಹೊಡೆದ ರೂಮಿನ ಕಡೆ ಎದ್ದುಹೋದರು.

ಟಿಕೆಟ್ ಮಾಡಿಸಿದ್ದೇನೆ. ಈ ಸಂಚಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ನನ್ನ ತಲೆ ಬೋಳಾಗಿರುತ್ತೆ. ಕಂಡವರು ಯಾಕೆ ಅಂತ ಕೇಳಬೇಡಿ, ಇಷ್ಟು ಹೊತ್ತು ಹೇಳಿದ್ದು ಅದನ್ನೇ.